ಕೂಳೂರು ಸೇತುವೆಯ ಆಚೆ

ಸುರತ್ಕಲ್‌ನವರು ಬಸ್ಸು ಹಿಡಿಯಲು ಹೊರಟಾಗ ಮನೆಯಲ್ಲಿ ಹೇಳುವುದು "ಮಂಗಳೂರಿಗೆ ಹೋಗಿ ಬರ್ತೇನೆ" ಅಂತ. ತುಳುವಿನಲ್ಲಾದರೆ "ಕುಡ್ಲಗ್ ಪೋದು ಬರ್ಪೆ". ಇರುವುದು ಮಂಗಳೂರು ಮಹಾನಗರ ಪಾಲಿಕೆಯ ಒಳಗೇ. ಪಾಲಿಕೆಯ 60 ವಾರ್ಡುಗಳ ಎಣಿಕೆ ಶುರುವಾಗುವುದೇ ಸುರತ್ಕಲ್‌ನಿಂದ. ಆದರೂ ಒಂದನೇ ವಾರ್ಡಿನ ಮತದಾರನಿಗೆ ಮಂಗಳೂರು ಬಸ್ಸಿನಲ್ಲಿ ಹೋಗಿ ಬರುವ ಬೇರೆ ಊರು. ಈಚೆ ಕದ್ರಿ, ಬಿಜೈ ಕಡೆಯವರದ್ದೂ ಅದೇ ಲೆಕ್ಕ. ಬಾಡಿಗೆ ಮನೆ ಹುಡುಕುವಾಗ ಬ್ರೋಕರು "ಕುಳಾಯಿಯಲ್ಲಿ ಒಳ್ಳೆ ಮನೆ ಉಂಟು, ಬಾಡಿಗೆಯೂ ಕಮ್ಮಿ" ಅಂದರೆ, "ಕೂಳೂರು ದಾಟಿದ್ರೆ ದೂರ ಆಯ್ತು ಮಾರಾಯ್ರೆ" ಅಂತ ಅಲ್ಲಿಗೇ ಮಾತು ಮುಗಿಸುತ್ತಾರೆ. ಪಂಪ್‌ವೆಲ್‌ನಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಳ್ಳುವುದು ಮಾತ್ರ ಅವರಿಗೆ ದೂರದ ಲೆಕ್ಕಕ್ಕೆ ಬರುವುದಿಲ್ಲ.

ನಾನು ಆ ದೂರದ ಕುಳಾಯಿಯಲ್ಲೇ ಇರುವವನು. ಭಾನುವಾರ ಬಿಡುವಾದರೆ ಸ್ಕೂಟರಿನಲ್ಲೋ ಬಸ್ಸಿನಲ್ಲೋ ಈ ಉತ್ತರ ದಿಕ್ಕಿನ ಊರುಗಳನ್ನು ಸುತ್ತುವುದು ನನಗೊಂದು ಚಟ. ಹೆದ್ದಾರಿಯಲ್ಲಿ ಹೋಗುವವರಿಗೆ ಇಲ್ಲಿ ಕಾಣುವುದು ಚಿಮಣಿ, ಕಂಪೌಂಡು ಗೋಡೆ, ಸಾಲುಗಟ್ಟಿ ನಿಂತ ಗ್ಯಾಸ್ ಟ್ಯಾಂಕರು, ಅಷ್ಟೆ. ಯಾವ ಕಾರ್ಖಾನೆ ಯಾವಾಗ ಬಂತು ಅಂತ ಕೇಳಿದರೆ ಎಲ್ಲರೂ ಹೇಳುತ್ತಾರೆ. ಆದರೆ ಈ ಊರುಗಳು ತೆರೆದುಕೊಳ್ಳುವುದು ಬೇರೆ ಪ್ರಶ್ನೆಗೆ: ಯಾರು ಎಲ್ಲಿಂದ ಎದ್ದು ಎಲ್ಲಿಗೆ ಹೋದರು? ಕಾಟಿಪಳ್ಳ, ಕೃಷ್ಣಾಪುರ, ಚೇಳಾಯರು, ಪೆರ್ಮುದೆ, ಇವುಗಳಲ್ಲಿ ಯಾವುದೂ ಆ ಪ್ರಶ್ನೆ ಬಿಟ್ಟು ಅರ್ಥವಾಗುವುದಿಲ್ಲ.

ಚಿಲಿಂಬಿ, ಉರ್ವಸ್ಟೋರಿನ ಕಡೆ ಅಂಗಡಿ ಬೋರ್ಡುಗಳಲ್ಲಿ ಇನ್ನೂ "ಕೂಳೂರು ಫೆರಿ ರಸ್ತೆ" ಅಂತ ಇದೆ. ಆ ರಸ್ತೆ ಹಿಡಿದು ಹೋದರೆ ಈಗ ಸಿಗುವುದು ದೋಣಿಯಲ್ಲ, ಸೇತುವೆ. ಫಲ್ಗುಣಿಯ ಮೇಲೆ ಐವತ್ತರ ದಶಕದ ಕಮಾನು ಸೇತುವೆ, ಅದರ ಪಕ್ಕದಲ್ಲಿ ಆಮೇಲಿನದ್ದು. ನದಿಯನ್ನು ಕೆಲವರು ಗುರುಪುರ ಹೊಳೆ ಅನ್ನುತ್ತಾರೆ, ಪೇಪರಿನವರು ಫಲ್ಗುಣಿ ಅನ್ನುತ್ತಾರೆ. ದಾಟಿದ ಕೂಡಲೇ ಎಡಕ್ಕೆ ತಣ್ಣೀರುಬಾವಿಯ ರಸ್ತೆ. ಅಲ್ಲಿ ನದಿಯ ದಂಡೆಯಲ್ಲಿ 2010ರ ಮೇ 22ರ ವಿಮಾನ ದುರಂತದ ಸ್ಮಾರಕವಿದೆ. ಅಂದು ಬಜ್ಪೆಯಲ್ಲಿ ಸತ್ತವರು 158 ಮಂದಿ. ಗುರುತು ಸಿಗದ 12 ದೇಹಗಳನ್ನು ಇಲ್ಲಿ ಮಣ್ಣು ಮಾಡಿದರು. ಬೀಚಿಗೆ ಹೋಗುವ ಕಾರುಗಳು ಇದೇ ದಾರಿಯಲ್ಲಿ ಸಾಗುತ್ತವೆ, ನಿಲ್ಲಿಸುವವರು ಕಮ್ಮಿ.

ತಣ್ಣೀರುಬಾವಿ ಅಂದರೆ ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಪಟ್ಟಿ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಬಂದರೆ ಐದು ನಿಮಿಷದ ದಾರಿ. ರಸ್ತೆಯಲ್ಲಿ ಬಂದರೆ ಕೂಳೂರು ಸುತ್ತಬೇಕು. ಇಲ್ಲಿನ ಹೊಳೆಯಲ್ಲಿ 2001ರಿಂದ ಒಂದು ವಿದ್ಯುತ್ ಸ್ಥಾವರ ತೇಲುತ್ತಿತ್ತು. ಬಾರ್ಜಿನ ಮೇಲೆ ಕಟ್ಟಿದ, ನಾಫ್ತಾ ಉರಿಸುವ 220 ಮೆಗಾವ್ಯಾಟಿನ ಸ್ಥಾವರ. ಹತ್ತು ವರ್ಷದೊಳಗೆ ಅದು ಗಂಟು ಕಟ್ಟಿಕೊಂಡು ಕಾಕಿನಾಡಕ್ಕೆ ಹೊರಟುಹೋಯಿತು. ಈ ದಿಕ್ಕಿನಲ್ಲಿ ಬಂದ ದೊಡ್ಡ ಯೋಜನೆಗಳಲ್ಲಿ ಹಾಗೆ ಎದ್ದು ಹೋದದ್ದು ಅದೊಂದೇ ಇರಬೇಕು. ಉಳಿದ ಕಡೆಯೆಲ್ಲ ಎದ್ದು ಹೋದದ್ದು ಊರು.

ಮೊದಲು ಎದ್ದದ್ದು ಪಣಂಬೂರು.

ಹಳೆ ಬಂದರು ಇದ್ದದ್ದು ಈಗಲೂ ಬಂದರ್ ಅಂತಲೇ ಕರೆಯುವ ಪೇಟೆಯ ಬದಿಯಲ್ಲಿ, ನದಿಯ ಬಾಯಿಗೆ. ಅಳಿವೆಯಲ್ಲಿ ಮರಳು ತುಂಬುತ್ತದೆ, ದೊಡ್ಡ ಹಡಗು ಒಳಗೆ ಬರುವಂತಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಿ, ಸರಕೆಲ್ಲ ಮಂಜಿ ಅನ್ನುವ ಸರಕು ದೋಣಿಗಳಲ್ಲಿ ಸಾಗಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಸರ್ವಋತು ಬಂದರು ಬೇಕು ಅಂತ ದಿಲ್ಲಿಯಲ್ಲಿ ಹಟ ಹಿಡಿದವರು ಆಗಿನ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು. ಸುರತ್ಕಲ್‌ಗೆ 1960ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದದ್ದರ ಹಿಂದೆಯೂ ಅವರೇ. ಬಂದರು ಪೂರ್ತಿಯಾಗುವ ಮೊದಲೇ, 1965ರಲ್ಲಿ, ಅವರು ತೀರಿಕೊಂಡರು. ನವಮಂಗಳೂರು ಬಂದರು ದೇಶದ ಒಂಬತ್ತನೇ ಪ್ರಮುಖ ಬಂದರು ಅಂತ ಘೋಷಣೆಯಾದದ್ದು 1974ರಲ್ಲಿ, ಇಂದಿರಾ ಗಾಂಧಿ ಉದ್ಘಾಟಿಸಿದ್ದು 1975ರ ಜನವರಿಯಲ್ಲಿ.

ಇದು ಪ್ರಕೃತಿ ಕೊಟ್ಟ ಬಂದರಲ್ಲ. ನೆಲ ಅಗೆದು ಕಡಲನ್ನು ಒಳಗೆ ಬಿಟ್ಟುಕೊಂಡದ್ದು. ಈಗ ಹಡಗು ನಿಲ್ಲುವ ಜಾಗದ ಸುತ್ತಮುತ್ತ ಒಂದು ಕಾಲಕ್ಕೆ ಗದ್ದೆ, ತೆಂಗಿನ ತೋಟ, ಮನೆಗಳು ಇದ್ದವು. ಅಲ್ಲಿಂದ ಎಬ್ಬಿಸಿದ ಕುಟುಂಬಗಳಿಗೆ ಜಾಗ ತೋರಿಸಿದ್ದು ಕಾಟಿಪಳ್ಳ ಮತ್ತು ಕೃಷ್ಣಾಪುರದ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ. ಸುರತ್ಕಲ್‌ನಿಂದ ಒಳಗೆ ಹೋಗುವ ಬಸ್ಸಿನಲ್ಲಿ ಕೂತರೆ ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು ಕೂಗುವುದು ಈಗಲೂ ಸಂಖ್ಯೆಯನ್ನೇ: ಎರಡನೇ ಬ್ಲಾಕ್, ಮೂರನೇ ಬ್ಲಾಕ್, ಏಳನೇ ಬ್ಲಾಕ್. ತುಳುನಾಡಿನಲ್ಲಿ ಪ್ರತಿ ಗದ್ದೆಗೂ ಹೆಸರುಂಟು, ಗದ್ದೆಯ ಮೂಲೆಗೂ ಹೆಸರುಂಟು. ಅಂಥವರನ್ನು ತಂದು ನಂಬರಿನ ಕೆಳಗೆ ಕೂರಿಸಿದ್ದು ಸರ್ಕಾರಿ ಡ್ರಾಯಿಂಗ್ ಶೀಟು. ರಸ್ತೆ ನೇರ, ತಿರುವು ಚೌಕ, ಮನೆಗಳು ಸಾಲಾಗಿ. ನಮ್ಮ ಕಡೆಯ ಊರುಗಳಲ್ಲಿ ಮನೆಯಿಂದ ಮನೆಗೆ ಗುಡ್ಡ ಹತ್ತಿ ಇಳಿಯಬೇಕು. ಇಲ್ಲಿ ಹೊಸ್ತಿಲಲ್ಲಿ ನಿಂತರೆ ಎದುರಿನ ಮನೆಯ ಅಡುಗೆ ಎಂತ ಅಂತ ಗೊತ್ತಾಗುತ್ತದೆ.

ಗೆಳೆಯನೊಬ್ಬನ ದೊಡ್ಡಮ್ಮ ಅಲ್ಲಿದ್ದಾರೆ. ಎಪ್ಪತ್ತು ದಾಟಿದೆ. ನಾವು ಹೋದಾಗ ಹಿತ್ತಲಲ್ಲಿ ಮೆಟ್ಟುಕತ್ತಿ ಇಟ್ಟುಕೊಂಡು, ಕೈಗೆ ಬೂದಿ ಮೆತ್ತಿಕೊಂಡು ಬೂತಾಯಿ ಸರಿಮಾಡುತ್ತಿದ್ದರು. ಕತ್ತಿ ನಿಲ್ಲಿಸದೆಯೇ ಮಾತಾಡಿದರು.

"ಪಣಂಬೂರಲ್ಲಿ ಎರಡಾಳು ಅಗೆದ್ರೆ ನೀರು ಮಗಾ. ಹೊಯಿಗೆ ನೆಲ ಅಲ್ವಾ? ಇಲ್ಲಿ ಬಂದು ನೋಡಿದ್ರೆ ಬರೀ ಮುರಕಲ್ಲು. ಅಪ್ಪ ಬಾವಿ ತೋಡ್ಲಿಕ್ಕೆ ಜನ ಹಿಡಿದು, ಇದ್ದ ದುಡ್ಡೆಲ್ಲ ಅದಕ್ಕೇ ಹೋಯ್ತು."

"ಗದ್ದೆ ಇತ್ತಾ ದೊಡ್ಡಮ್ಮ ಅಲ್ಲಿ?"

"ಗೇಣಿ ಗದ್ದೆ. ನಮ್ಮದಂತ ಕಾಗದ ಇರ್ಲಿಲ್ಲ. ಶಾಲೆಗೆ ಹೋಗುದು ಕಟ್ಟಪುಣಿಯಲ್ಲೇ, ಗದ್ದೆ ಬದುವಿನ ಮೇಲೆ. ಇಲ್ಲಿ ಬಂದ ಮೇಲೆ ಅಮ್ಮ ಅಕ್ಕಿ ಅಂಗಡಿಯಿಂದ ತರ್ಲಿಕ್ಕೆ ಶುರು ಮಾಡಿದ್ರು. ಅದೇ ಅವರಿಗೆ ಬೇಜಾರು. ಮನೆ ಹೋದದ್ದಕ್ಕಿಂತ ಹೆಚ್ಚು."

ಅವರ ಮನೆ ಈಗ ತಾರಸಿ ಮನೆ, ಗಲ್ಫಿನಲ್ಲಿರುವ ಮಗ ಕಟ್ಟಿಸಿದ್ದು. ಎದುರಿಗೆ ಟೈಲ್ಸು, ಗ್ರಿಲ್ಲು ಎಲ್ಲ ಈಗಿನ ಕಾಲದ್ದೇ. ಆದರೆ ಒಳಗಿನ ಕೋಣೆಗೆ ಹಾಕಿದ ದಾರಂದ, ಅಂದರೆ ಬಾಗಿಲ ಚೌಕಟ್ಟು, ಮಾತ್ರ ಹಲಸಿನ ಮರದ್ದು, ಕಪ್ಪಾಗಿ ಹೊಳೆಯುತ್ತದೆ, ಮೇಲ್ಗಡೆ ಸಣ್ಣ ಹೂವಿನ ಕೆತ್ತನೆ. ಎಬ್ಬಿಸುವಾಗ ಹಳೆ ಮನೆಯ ಹಂಚು, ಪಕ್ಕಾಸು, ದಾರಂದ ಎಲ್ಲ ಬಿಚ್ಚಿ ಲಾರಿಗೆ ಹಾಕಿಕೊಂಡು ಬಂದಿದ್ದರಂತೆ. ಹಂಚು ಒಡೆದು ಹೋಯಿತು, ಪಕ್ಕಾಸಿಗೆ ಗೆದ್ದಲು ಹಿಡಿಯಿತು, ಇದು ಉಳಿಯಿತು. ಹಳೆ ಅಳತೆಯಾದ್ದರಿಂದ ತಗ್ಗು. ದೊಡ್ಡಮ್ಮ ಅಭ್ಯಾಸವಾಗಿ ಬಗ್ಗಿ ದಾಟುತ್ತಾರೆ, ಮೊಮ್ಮಕ್ಕಳು ವರ್ಷಕ್ಕೊಮ್ಮೆ ಬಂದಾಗ ಹಣೆ ಬಡಿದುಕೊಳ್ಳುತ್ತಾರೆ. ದಾರಂದದ ಎಡಪಕ್ಕದಲ್ಲಿ ಹಳೆ ಬಿಜಾಗರಿಯ ಗುರುತು ಇದೆ. ಈಗಿನ ಬಾಗಿಲು ಆಚೆ ಬದಿಗೆ ತೆರೆಯುತ್ತದೆ. ಪಣಂಬೂರಿನ ನಂದನೇಶ್ವರ ದೇವಸ್ಥಾನಕ್ಕೆ ಅವರು ಈಗಲೂ ಜಾತ್ರೆಗೆ ಹೋಗುತ್ತಾರೆ. ದೇವಸ್ಥಾನ ಅಲ್ಲೇ ಉಳಿದಿದೆ, ಅದರ ಊರು ಇಲ್ಲಿದೆ. ಮೊಮ್ಮಗಳ ಮದುವೆ ಕಾಗದದಲ್ಲೂ ಮೊದಲು ಪಣಂಬೂರಿನ ಮನೆಯ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ಕಾಟಿಪಳ್ಳದ ಬ್ಲಾಕ್ ನಂಬರು. ಮದುಮಗಳು ಪಣಂಬೂರಿನಲ್ಲಿ ಬೀಚು ಬಿಟ್ಟು ಬೇರೇನನ್ನೂ ನೋಡಿದವಳಲ್ಲ.

ಕೃಷ್ಣಾಪುರದ ಕಥೆಯಲ್ಲಿ ಇನ್ನೂ ಒಂದು ಪದರ ಉಂಟು. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಕೃಷ್ಣಾಪುರ ಮಠಕ್ಕೆ ಹೆಸರು ಬಂದದ್ದು ಈ ಊರಿನಿಂದ, ಮೂಲ ಮಠ ಇಲ್ಲೇ ಇದೆ. ಮಠದಿಂದ ಸ್ವಲ್ಪ ದೂರ ನಡೆದರೆ ಬ್ಲಾಕುಗಳು, ಮಸೀದಿಗಳು, ಭಜನಾ ಮಂದಿರಗಳು, ಗಲ್ಫ್ ದುಡ್ಡಿನ ಎರಡಂತಸ್ತಿನ ಮನೆಗಳು. ಕೈಕಂಬದ ಹತ್ತಿರ ಒಬ್ಬ ಕಾಕನ ಚಾದಂಗಡಿಯಲ್ಲಿ ನಾನು ಆಗಾಗ ಕೂರುತ್ತೇನೆ. ಕಾಕ ಮಗನಿಗೆ ಬ್ಯಾರಿಯಲ್ಲಿ ಬೈದು, ಆಟೋದವನ ಹತ್ತಿರ ತುಳುವಿನಲ್ಲಿ ಬಾಕಿ ಕೇಳಿ, ಬೈಕಂಪಾಡಿಗೆ ಕೆಲಸಕ್ಕೆ ಹೋಗುವ ಬಿಹಾರದ ಹುಡುಗರಿಗೆ ಹಿಂದಿಯಲ್ಲಿ ಚಿಲ್ಲರೆ ಕೊಟ್ಟು, ನನ್ನ ಹತ್ತಿರ ಕನ್ನಡದಲ್ಲಿ ಮಳೆಯ ಸುದ್ದಿ ಮಾತಾಡುತ್ತಾರೆ. ನಡುವೆ ಉಸಿರು ಕೂಡ ತೆಗೆದುಕೊಳ್ಳುವುದಿಲ್ಲ.

ಪೇಪರಿನಲ್ಲಿ ಈ ಊರುಗಳ ಹೆಸರು ದೊಡ್ಡದಾಗಿ ಬರುವುದು ನಿಷೇಧಾಜ್ಞೆ ಹಾಕಿದಾಗ. 1998ರ ಕೊನೆಯಲ್ಲಿ ಸುರತ್ಕಲ್ ಸುತ್ತ ನಡೆದ ಕೋಮುಗಲಭೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಆಮೇಲೂ ಸಣ್ಣದು ದೊಡ್ಡದು ಆಗುತ್ತಲೇ ಬಂದಿದೆ. "ಎಂತ ಆದ್ರೂ ಮೊದ್ಲು ಶಟರ್ ಎಳೆಯುದು ನಾನು, ಕೊನೆಗೆ ತೆಗೆಯುದೂ ನಾನೇ" ಅನ್ನುತ್ತಾರೆ ಕಾಕ. ಹೊರಗಿನವರಿಗೆ ಇದಿಷ್ಟೇ ಗೊತ್ತು. ಕಾಕನ ತಂದೆ, ನನ್ನ ಗೆಳೆಯನ ಅಜ್ಜ ಇಬ್ಬರೂ ಪಣಂಬೂರಿನಲ್ಲಿ ಒಬ್ಬನೇ ಧಣಿಯ ಗೇಣಿಗೆ ಇದ್ದವರು ಅಂತ ಗೊತ್ತಾದದ್ದು ಇದೇ ಬೆಂಚಿನ ಮೇಲೆ. ಅಲ್ಲಿ ಒಂದೇ ಕಟ್ಟಪುಣಿಯ ಆಚೆ ಈಚೆ ಇದ್ದವರ ಮಕ್ಕಳು ಇಲ್ಲಿ ಬ್ಲಾಕ್ ಯಾವುದು ಅಂತ ಕೇಳಿ ಆಮೇಲೆ ಮಾತಿಗೆ ಇಳಿಯುತ್ತಾರೆ. ಇದಕ್ಕೆ ಕಾರಣ ರಾಜಕೀಯ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು, ಸುಳ್ಳೂ ಅಲ್ಲ. ಆದರೆ ಒಟ್ಟಿಗೆ ಮಾಡುತ್ತಿದ್ದ ನಟ್ಟಿ, ಕೊಯ್ಲು ಹೋದ ಮೇಲೆ ಒಬ್ಬರಿಗೊಬ್ಬರು ಬೇಕಾಗುವ ಕೆಲಸವೂ ಹೋಯಿತು ಅನ್ನುವುದನ್ನು ಯಾಕೋ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೈಕಂಪಾಡಿಗೆ ಹೋಗುವುದಾದರೆ ವಾರದ ದಿನವೇ ಹೋಗಬೇಕು. ಕೈಗಾರಿಕಾ ಪ್ರದೇಶದ ಒಳದಾರಿಗಳಲ್ಲಿ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರ ಮಾತು ಧಾರಾಳ ಕೇಳುತ್ತದೆ. ಕುಚ್ಚಲಕ್ಕಿ ಗಂಜಿಯ ಊರಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಖಾನಾವಳಿ ನಡೆಯುತ್ತದೆ. ಪಣಂಬೂರಿನಲ್ಲಿರುವ, ಕಬ್ಬಿಣದ ಅದಿರನ್ನು ಉಂಡೆ (ಪೆಲೆಟ್) ಮಾಡುವ ಕಾರ್ಖಾನೆಗೆ ಹಿಂದೆ ಕುದುರೆಮುಖದಿಂದ 67 ಕಿಲೋಮೀಟರ್ ಪೈಪಿನಲ್ಲಿ ಅದಿರು ಕೆಸರಿನಂತೆ ಹರಿದು ಬರುತ್ತಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆಮೇಲೆ ಬೇರೆ ಕಡೆಯಿಂದ ಅದಿರು ತರಿಸಬೇಕಾಯಿತು. ಘಟ್ಟದ ಮೇಲೆ ಕುದುರೆಮುಖ ಟೌನ್‌ಶಿಪ್ಪಿನ ಕ್ವಾರ್ಟರ್ಸು ಖಾಲಿಯಾಗುತ್ತಾ ಹೋಯಿತು. ಅಲ್ಲಿ ಬೆಳೆದು ಈಗ ಸುರತ್ಕಲ್‌ನಲ್ಲಿ ಮನೆ ಮಾಡಿಕೊಂಡವರು ನನಗೇ ಕೆಲವರು ಗೊತ್ತು. ಅವರೂ ಊರು ಬಿಟ್ಟು ಬಂದವರೇ, ಆದರೆ ಅವರಿಗೆ ಬ್ಲಾಕ್ ನಂಬರು ಇಲ್ಲ.

ಸುರತ್ಕಲ್ ಪೇಟೆ ನನಗೆ ಅಷ್ಟೇನೂ ಹಿಡಿಸುವುದಿಲ್ಲ. ಫ್ಲೈಓವರಿನ ಕೆಳಗೆ ಗೌಜಿ, ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಸ್ಕೂಟರುಗಳು. ಆದರೆ ರೈಲ್ವೆ ಸ್ಟೇಷನ್ನಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಕೊಂಕಣ ರೈಲ್ವೆಯ ರೋ-ರೋದಲ್ಲಿ ಲಾರಿಗಳೇ ರೈಲು ಹತ್ತುತ್ತವೆ, ಮಹಾರಾಷ್ಟ್ರದ ಕೋಲಾಡ್‌ವರೆಗೆ. ಚಪ್ಪಟೆ ಬೋಗಿಗಳ ಮೇಲೆ ಸಾಲಾಗಿ ಲಾರಿ, ಲಾರಿಯ ಕ್ಯಾಬಿನಿನಲ್ಲಿ ಡ್ರೈವರು ಕಾಲು ಚಾಚಿ ಮಲಗಿರುತ್ತಾನೆ. ಅವನ ಬದಿಯಲ್ಲಿ ಕಿಟಕಿಗೆ ಒಣಹಾಕಿದ ಬೈರಾಸು. ಹೆದ್ದಾರಿಯಲ್ಲಿ ಇನ್ನೂ ಸ್ವಲ್ಪ ಮುಂದೆ ಮಲ್ಯರು ತಂದ ಆ ಇಂಜಿನಿಯರಿಂಗ್ ಕಾಲೇಜು, ಈಗ ಎನ್‌ಐಟಿಕೆ, ಹಳಬರ ಬಾಯಲ್ಲಿ ಈಗಲೂ ಕೆಆರ್‌ಇಸಿ. ಹೆದ್ದಾರಿ ಕ್ಯಾಂಪಸ್ಸನ್ನು ಎರಡು ಮಾಡಿದೆ, ಕಡಲ ಬದಿಯಲ್ಲಿ ಬಂಡೆಗಳು, ದೀಪಸ್ತಂಭ. ಅದರ ಹತ್ತಿರವೇ ಇದ್ದ ಟೋಲ್‌ಗೇಟಿನ ವಿರುದ್ಧ ಜನ ವರ್ಷಗಟ್ಟಲೆ ಧರಣಿ ಕೂತರು. ಬಸ್ಸಿನವರು, ಟ್ಯಾಕ್ಸಿಯವರು, ಬೇರೆ ಬೇರೆ ಬಾವುಟದವರು. 2022ರ ಡಿಸೆಂಬರ್ 1ರಂದು ಟೋಲ್ ನಿಂತಿತು. ಈ ದಿಕ್ಕಿನ ಜನ ಎಲ್ಲ ಬ್ಲಾಕುಗಳಿಂದ ಒಟ್ಟಿಗೆ ಬಂದು ಗೆದ್ದ ಹೋರಾಟ ಯಾವುದು ಅಂತ ಕೇಳಿದರೆ ನಾನು ಮೊದಲು ಹೇಳುವುದು ಅದನ್ನೇ.

ಕಡಲ ಬದಿಯ ಚಿತ್ರಾಪುರ, ಹೊಸಬೆಟ್ಟು, ಮೀನಕಳಿಯದ ಮೊಗವೀರರ ಮನೆಗಳು ಬೇರೆಯೇ ಲೋಕ. ಅಲ್ಲಿ ಎಬ್ಬಿಸುವವನು ಕಡಲು. ಮೀನಕಳಿಯದಲ್ಲಿ ಪ್ರತಿ ಮಳೆಗಾಲಕ್ಕೂ ತೆಂಗಿನ ಮರಗಳ ಬುಡಕ್ಕೆ ತೆರೆ ಬಂದು ಬಡಿಯುತ್ತದೆ, ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಾರೆ, ಮರುವರ್ಷ ಕಲ್ಲೂ ಕೆಳಗಿಳಿದಿರುತ್ತದೆ. ಮುಕ್ಕ ದಾಟಿ ಸಸಿಹಿತ್ಲಿಗೆ ಹೋದರೆ ನಂದಿನಿ, ಶಾಂಭವಿ ಎರಡೂ ಹೊಳೆಗಳು ಕಡಲಿಗೆ ಸೇರುವ ಜಾಗ. 2016ರಲ್ಲಿ ಇಲ್ಲಿ ಸರ್ಫಿಂಗ್ ಸ್ಪರ್ಧೆ ನಡೆದ ಮೇಲೆ ಪೇಟೆಯ ಹುಡುಗರಿಗೆ ಈ ಊರಿನ ಗುರುತಾಯಿತು. ಬೆಳಿಗ್ಗೆ ಬೇಗ ಹೋದರೆ ಒಂದು ಕಡೆ ಹಲಗೆ ಹಿಡಿದ ಹುಡುಗರು, ಇನ್ನೊಂದು ಕಡೆ ಕೈರಂಪಣಿ ಬಲೆ ಎಳೆಯುವ ಗಂಡಸರು. ಸೆಲ್ಫಿಯವರು ಬರುವುದು ಸಂಜೆ, ಆಗ ನಾನು ಅತ್ತ ತಲೆ ಹಾಕುವುದಿಲ್ಲ.

ಎರಡನೆಯ ಸಲ ಊರು ಎದ್ದದ್ದು ತೈಲ ಶುದ್ಧೀಕರಣ ಘಟಕಕ್ಕೆ. ಎಂಆರ್‌ಪಿಎಲ್ ಕಂಪನಿ ಹುಟ್ಟಿದ್ದು 1988ರಲ್ಲಿ, ಎಣ್ಣೆ ಶುದ್ಧೀಕರಣ ಶುರುವಾದದ್ದು 1996ರಲ್ಲಿ, 2003ರಲ್ಲಿ ಅದು ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಕೈಗೆ ಬಂತು. ಕುತ್ತೆತ್ತೂರಿನ ಸುತ್ತ ಜಾಗ ಬಿಟ್ಟವರಿಗೆ ಚೇಳಾಯರಿನಲ್ಲಿ ಕಾಲನಿ ಆಯಿತು. ಕಾಟಿಪಳ್ಳಕ್ಕೂ ಚೇಳಾಯರಿಗೂ ವ್ಯತ್ಯಾಸ ಎಂತ ಅಂತ ನೋಡಿದರೆ, ಮೊದಲನೆಯವರಿಗೆ ಎದ್ದು ಹೋಗಬೇಕು ಅನ್ನುವುದು ಸರ್ಕಾರದ ಮಾತು, ಎದುರು ಮಾತಿಲ್ಲ. ಎರಡನೆಯವರು ಚೌಕಾಶಿ ಮಾಡಿದರು, ಮನೆಗೊಂದು ಕೆಲಸ ಕೇಳಿದರು. ಆಮೇಲೆ ಘಟಕ ದೊಡ್ಡದಾದಾಗ ಜೋಕಟ್ಟೆಯ ಕಡೆ ಇನ್ನೊಂದು ಕಥೆ. ಅಲ್ಲಿಯವರು ಏಳಲಿಲ್ಲ, ಕಾರ್ಖಾನೆಯೇ ಅವರ ಹತ್ತಿರಕ್ಕೆ ಬಂತು. ಎಣ್ಣೆ ಶುದ್ಧಮಾಡಿ ಉಳಿದದ್ದನ್ನು ಇದ್ದಿಲಿನಂತೆ ಮಾಡುವ ಕೋಕ್ ಘಟಕದ ಕಪ್ಪು ಪುಡಿ ಅಂಗಳದಲ್ಲಿ, ಬಾವಿಯಲ್ಲಿ ಬೀಳುತ್ತದೆ ಅಂತ ಅವರು ಬೀದಿಗಿಳಿದರು. ನಡುವೆ ಹಸಿರು ವಲಯ ಬಿಡಿ ಅನ್ನುವುದು ಅವರ ಬೇಡಿಕೆ.

ಮೂರನೆಯದು ವಿಶೇಷ ಆರ್ಥಿಕ ವಲಯ. ಕಳವಾರು, ಪೆರ್ಮುದೆ, ತೆಂಕ ಎಕ್ಕಾರು ಸುತ್ತಿನ ಗದ್ದೆ, ತೋಟ, ಪದವು ಇದರ ಪಾಲಿಗೆ ಬಂದವು. ಎದ್ದವರಲ್ಲಿ ಕುಡುಬಿ ಸಮುದಾಯದವರೂ ಇದ್ದರು. ಹೋಳಿಗೆ ಗುಮಟೆ ಬಾರಿಸಿಕೊಂಡು ಮನೆ ಮನೆಗೆ ಕುಣಿದು ಹೋಗುವವರು, ಮನೆಯಲ್ಲಿ ತಮ್ಮದೇ ಕೊಂಕಣಿ ಆಡುವವರು. ಮನೆಗಳು ಗುಂಪಾಗಿ ಇದ್ದರೆ ಮಾತ್ರ ಆ ಹೋಳಿ ನಡೆಯುತ್ತದೆ. ಪರಿಹಾರದ ಪಟ್ಟಿಯಲ್ಲಿ ಮರಕ್ಕೆ, ಬಾವಿಗೆ, ಹಟ್ಟಿಗೆ ದರ ಬರೆಯಬಹುದು, ಇದಕ್ಕೆ ಯಾವ ಕಾಲಮ್ಮು? ಈ ಸಲ ಜನ ಕಾಟಿಪಳ್ಳವನ್ನೂ ಚೇಳಾಯರನ್ನೂ ಕಣ್ಣಾರೆ ನೋಡಿದ್ದರು. ರೈತರು, ಸ್ವಾಮಿಗಳು, ಪಾದ್ರಿಗಳು ಸೇರಿ ವಿರೋಧ ಮಾಡಿದರು. ಎರಡನೇ ಹಂತಕ್ಕೆ ಗುರುತು ಹಾಕಿದ್ದ ಎರಡು ಸಾವಿರ ಎಕರೆಗೂ ಮಿಕ್ಕಿದ ಜಾಗವನ್ನು 2011ರಲ್ಲಿ ಸರ್ಕಾರ ಕೈಬಿಟ್ಟಿತು.

ಬಜ್ಪೆಯಿಂದ ಕಟೀಲಿಗೆ ಹೋಗುವ ಬಸ್ಸಿನಲ್ಲಿ ಕೂತು ಪೆರ್ಮುದೆಯಲ್ಲಿ ಇಳಿದರೆ ಒಳದಾರಿಯಲ್ಲಿ ಹಾಗೆ ಉಳಿದ ತೋಟಗಳು ಸಿಗುತ್ತವೆ. ಅಡಿಕೆ, ಬಾಳೆ, ಬೇಲಿಗೆ ಹತ್ತಿಸಿದ ಕರಿಮೆಣಸು. ಕಳೆದ ಬೇಸಿಗೆಯಲ್ಲಿ ಒಬ್ಬರು ಅಡಿಕೆ ತೋಟದ ಬದಿಯಲ್ಲಿ ಸ್ಪ್ರಿಂಕ್ಲರಿನ ಪೈಪು ಜೋಡಿಸುತ್ತಿದ್ದರು. ಮಾತಿಗೆ ಮಾತು ಬಂದು, "ಅಂತೂ ನಿಮ್ಮ ಜಾಗ ಉಳಿಯಿತಲ್ಲ ಅಣ್ಣ" ಅಂದೆ.

ಅವರು ಪೈಪು ಕೆಳಗಿಟ್ಟು ನನ್ನನ್ನೊಮ್ಮೆ ನೋಡಿದರು. "ಉಳಿಯಿತು ಅಂತ ಬರೀಬೇಡಿ. ಸದ್ಯಕ್ಕೆ ಉಂಟು ಅಂತ ಬರೀರಿ. ನನ್ನ ಹೆಂಡತಿಯ ತವರು ಕಾಟಿಪಳ್ಳ. ಅವಳ ಅಪ್ಪನೂ ಪಣಂಬೂರಲ್ಲಿ ಇನ್ನು ನಮ್ಮದು ಬಿಡ್ತಾರೆ ಅಂತಲೇ ತೆಂಗಿನ ಸಸಿ ನೆಟ್ಟಿದ್ರಂತೆ." ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. ಅವರು ಪಂಪಿನ ಶೆಡ್ಡಿನ ಕಡೆ ಓಡಿದರು. ನಾನು ಒದ್ದೆಯಾಗುವ ಮೊದಲು ರಸ್ತೆಗೆ ಬಂದು ಬಜ್ಪೆ ಬಸ್ಸು ಹಿಡಿದೆ.